ಕಡತ, ಬಿಲ್ ಬುಕ್, ಮೊಬೈಲ್: ಆದೋನಿ ಭಾಗದ ಒಂದು ಬಣ್ಣದ ಕೆಲಸದ ಲೆಕ್ಕ

ಇವತ್ತಿನ ನನ್ನ ಆಕರ ಯಾವ ಪತ್ರಾಗಾರದಲ್ಲೂ ಇಲ್ಲ. ಆದೋನಿಯಲ್ಲಿ ನಮ್ಮ ಸೋದರಮಾವನ ಮನೆಯ ಅಟ್ಟದ ಮೇಲೆ, ಖಾಲಿ ಡಿಸ್ಟೆಂಪರ್ ಡಬ್ಬಿಗಳ ಹಿಂದೆ ಇದೆ. ಮಾಮನದು ಐದಾರು ಜನರ ಬಣ್ಣದ ಕೆಲಸ. ಅವರ ಲೆಕ್ಕ ಮೂರು ಪದರಗಳಲ್ಲಿ ಸಿಗುತ್ತದೆ: ಕನ್ನಡದಲ್ಲಿ ಬರೆದ ಡೈರಿಗಳು, ಕಾರ್ಬನ್ ಹಾಕಿ ಹರಿಯುವ ಬಿಲ್ ಬುಕ್ಕುಗಳು, ಈಗ ಮೊಬೈಲಿನ ಬಿಲ್ಲಿಂಗ್ ಸಾಫ್ಟ್‌ವೇರು. ಕಾಗದದಿಂದ ಮೊಬೈಲಿಗೆ ಹೋದದ್ದು ಬರೀ ಅನುಕೂಲದ ಕಥೆ ಅಂತ ನಾನೂ ಮೊದಲು ತಿಳಿದಿದ್ದೆ. ಡೈರಿಗಳನ್ನು ಓದ್ತಾ ಹೋದಂತೆ ಬೇರೆ ಪ್ರಶ್ನೆ ಎದ್ದಿತು: ಬರೆದ ಲೆಕ್ಕವನ್ನು ಅಳಿಸುವ ಹಕ್ಕು ಯಾರದು?

ಈ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ. ಹಿಂದೆ ಕನ್ನಡ ನಾಡಿನ ಲೆಕ್ಕವೆಲ್ಲ ಕಡತದಲ್ಲಿ ಇರುತ್ತಿತ್ತು. ಉದ್ದದ ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯೋರು. 1810ರಲ್ಲಿ ಮೊದಲ ಸಂಪುಟ ಹೊರಬಂದ ಮಾರ್ಕ್ ವಿಲ್ಕ್ಸ್ ಅವರ ಮೈಸೂರು ಚರಿತ್ರೆಯಲ್ಲಿ ಇದರ ವರ್ಣನೆ ಇದೆ. ಸ್ಲೇಟಿನ ಹಾಗೆ ಒರೆಸಿ ಮತ್ತೆ ಬರೆಯಬಹುದಿತ್ತು, ಅಂದರೆ ಬಳಪ ಯಾರ ಕೈಯಲ್ಲಿದೆಯೋ ಅವರದೇ ಲೆಕ್ಕ. 1800ರಲ್ಲಿ ನಿಜಾಮ ಆದೋನಿಯನ್ನೂ ಸೇರಿಸಿ ದತ್ತ ಮಂಡಲವನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಥಾಮಸ್ ಮನ್ರೋ 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರ್ ಆಗಿದ್ದ. ಹೊಲ ಹೊಲ ಅಳೆಸಿ ರೈತನ ಹೆಸರಿಗೆ ಕಂದಾಯ ಕಟ್ಟಿಸುವ ಅವನ ಪದ್ಧತಿಗೆ ಶಾನುಭೋಗರ ಲೆಕ್ಕವೇ ಬುನಾದಿ, ಆ ಲೆಕ್ಕದ ಮೇಲೆ ಅನುಮಾನವೂ ಅಷ್ಟೇ. ಕರ್ನಾಟಕದ ಕಚೇರಿಗಳಲ್ಲಿ ಈಗ 'ಕಡತ' ಅಂದರೆ ಫೈಲು. ಬಟ್ಟೆ ಹೋಯಿತು, ಹೆಸರು ಉಳಿಯಿತು.

ಮಾಮ ಶಾನುಭೋಗರಲ್ಲ, ಸುಣ್ಣ ಹೊಡೆಯೋದರಿಂದ ಶುರು ಮಾಡಿದವರು. ಕನ್ನಡ ಶಾಲೆಯಲ್ಲಿ ಐದನೇ ತರಗತಿ ಓದಿದ್ದಾರೆ. ಡೈರಿಯ ಒಂದು ನಮೂದು ಹೀಗಿದೆ: "ಕೌತಾಳಂ. ಎರಡು ರೂಮು, ಪಡಸಾಲೆ. ಸುಣ್ಣ ಎರಡು ಕೈ. ಜಮಾ 300, ಬಾಕಿ 450. ಹತ್ತಿ ಹಾಕಿದ ಮೇಲೆ." ಜಮಾ, ಬಾಕಿ, ವಸೂಲು ಎಲ್ಲ ಪಾರಸಿ ದಫ್ತರದ ಹಾದಿಯಲ್ಲಿ ಬಂದ ಮಾತುಗಳು. ಬಿಜಾಪುರದವರು, ಮೊಗಲರು, ನಿಜಾಮರು ಆಳಿದ ಊರಲ್ಲಿ ಅದು ಸಹಜ. ನನ್ನ ಗಮನ ಇರೋದು ಕೊನೆಯ ಮೂರು ಪದದ ಮೇಲೆ. ಆದೋನಿ ಹತ್ತಿ ಮಾರುಕಟ್ಟೆಯ ಊರು. ರೈತ ಹತ್ತಿ ತಂದು ಹಾಕಿ ದುಡ್ಡು ಎಣಿಸಿಕೊಂಡ ಮೇಲೆಯೇ ಬಣ್ಣದವನ ಬಾಕಿ ತೀರುವುದು. ಡೈರಿಯಲ್ಲಿ ತಾರೀಖೇ ಇಲ್ಲದ ಗಡುವುಗಳು ಹೇರಳ: "ಉರುಕುಂದಿ ಜಾತ್ರೆ ಆದಮೇಲೆ", "ಮಗಳ ಮದುವೆ ಮುಗಿದು". ಮಳೆ ಕೈಕೊಟ್ಟ ವರ್ಷ ಕೆಲವು ಬಾಕಿಗಳ ಮೇಲೆ ಅಡ್ಡಗೆರೆ ಇದೆ. ಎಲ್ಲೂ ಕಾರಣ ಬರೆದಿಲ್ಲ. ಕೇಳಿದರೆ ಮಾಮ, "ಅವರಿಗೇ ಉಣ್ಣಾಕ ಇದ್ದಿಲ್ಲವ್ವಾ, ಏನ್ ಕೇಳ್ಲಿ?" ಅಂದ್ರು.

ಬಿಲ್ ಬುಕ್ಕಿನ ಪದರ ತೆಳುವಾದದ್ದು, ಬೇಗ ದಾಟ್ತೀನಿ. ಶಾಲೆ, ಮಿಲ್ಲುಗಳಿಗೆ ಕೆಲಸ ಮಾಡಿದಾಗ ಮಾತ್ರ ಹರಿದು ಕೊಟ್ಟಿದ್ದಾರೆ. ಪ್ರತಿ ಎರಡು ಇರುವುದರಿಂದ ಒಬ್ಬರೇ ಅಳಿಸಿದರೆ ನಡೆಯಲ್ಲ. ಅಷ್ಟು ಸಾಕು.

2017ರ ಜುಲೈ 1ರಂದು ಜಿಎಸ್‌ಟಿ ಬಂತು. ಸೇವೆಗೆ ವರ್ಷದ ವಹಿವಾಟು 20 ಲಕ್ಷದೊಳಗೆ ಇದ್ದರೆ ನೋಂದಣಿ ಕಡ್ಡಾಯವಲ್ಲ, ಮಾಮ ಅದರ ಹತ್ತಿರವೂ ಇರಲಿಲ್ಲ. ಆದರೆ ಒಂದು ಜಿನ್ನಿಂಗ್ ಮಿಲ್ಲಿನವರು ಜಿಎಸ್‌ಟಿ ಬಿಲ್ ಇಲ್ಲದೆ ಕೆಲಸ ಕೊಡಲ್ಲ ಅಂದ್ರು. ನೋಂದಣಿ ಆಯ್ತು, ಅದರ ಹಿಂದೆಯೇ ಸಾಫ್ಟ್‌ವೇರು ಬಂತು. ಬಣ್ಣದ ಕೆಲಸಕ್ಕೆ 18 ಶೇಕಡಾ ತೆರಿಗೆ, ಬಿಲ್ಲಿಗೆ ಒಂದರ ಹಿಂದೊಂದು ಕ್ರಮಸಂಖ್ಯೆ. ಕೆಲಸಗಳ ಹೆಸರನ್ನು ಕನ್ನಡದಲ್ಲಿ ಹಾಕಿ ನೋಡಿದೆ. ಪಿಡಿಎಫ್ ಮಾಡಿದಾಗ ಒತ್ತಕ್ಷರ ಚದುರಿ ಬಂದವು, ಇಂಗ್ಲಿಷಿಗೆ ಹೋದೆವು. ಅಲ್ಲಿಂದ ಮಾಮ ತಮ್ಮ ಬಿಲ್ಲನ್ನು ತಾವೇ ಓದಲಾರದವರಾದ್ರು. ಸೌಕರ್ಯದ ಲೆಕ್ಕ ಹಾಕುವಾಗ ಇದನ್ನು ಯಾರೂ ಖರ್ಚಿನ ಕಡೆ ಬರೆಯಲ್ಲ.

ಈಗ ಬಳ್ಳಾರಿಯ ಬಿಲ್ಲಿನ ವಿಚಾರ. ಗಿರಾಕಿ ಆದೋನಿಯವರೇ, ಬಣ್ಣ ಹೊಡೆದದ್ದು ಬಳ್ಳಾರಿಯಲ್ಲಿರುವ ಅವರ ಮನೆಗೆ. ವಿಳಾಸ ಆದೋನಿ ಅಂತ ನಾನು ಆಂಧ್ರ ಆರಿಸಿದೆ. ಸಾಫ್ಟ್‌ವೇರು 9 ಕೇಂದ್ರಕ್ಕೆ, 9 ರಾಜ್ಯಕ್ಕೆ ಅಂತ ಹಂಚಿತು. ಅದು ತಪ್ಪು. ಕಟ್ಟಡದ ಕೆಲಸಕ್ಕೆ ಕಟ್ಟಡ ಎಲ್ಲಿದೆಯೋ ಅದೇ ಪೂರೈಕೆಯ ಸ್ಥಳ. ಮಾಮನ ಜಿಎಸ್‌ಟಿ ಸಂಖ್ಯೆ ಆಂಧ್ರದ 37ರಿಂದ ಶುರುವಾಗುತ್ತೆ, ಗೋಡೆ ಇರೋದು 29ರ ಕರ್ನಾಟಕದಲ್ಲಿ. ಹಾಗಾಗಿ ಅಂತರರಾಜ್ಯ ತೆರಿಗೆ, ಅಂದರೆ ಐಜಿಎಸ್‌ಟಿ ಹಾಕಬೇಕಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. 1939ರಲ್ಲಿ ಮದ್ರಾಸ್ ಪ್ರಾಂತ್ಯ ಸಾಮಾನ್ಯ ಮಾರಾಟ ತೆರಿಗೆ ತಂದಾಗ ಆದೋನಿ ಬಳ್ಳಾರಿ ಜಿಲ್ಲೆಯದೇ ತಾಲೂಕು, ಎರಡೂ ಊರಿಗೆ ಒಂದೇ ಕಾನೂನು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಜನ ಆ ಗೆರೆಯನ್ನು ಅಷ್ಟು ಲೆಕ್ಕಕ್ಕೆ ತಗೊಳ್ಳಲಿಲ್ಲ. ಹೆಣ್ಣು ಕೊಡೋದು ತರೋದು, ಆಸ್ಪತ್ರೆ, ಸಂತೆ ಎಲ್ಲ ನಡೀತಾನೇ ಇವೆ. ಮಾಮನ ಡೈರಿಯಲ್ಲಿ ಬಳ್ಳಾರಿಯೂ ಆಲೂರೂ ಒಂದೇ ಪುಟದಲ್ಲಿವೆ, ನಡುವೆ ಯಾವ ಗುರುತೂ ಇಲ್ಲ. ಆ ಗೆರೆ ನಮ್ಮ ಮನೆಯ ಲೆಕ್ಕದೊಳಗೆ ಮೊದಲ ಸಲ ಕಾಣಿಸಿದ್ದು ಮೊಬೈಲಿನ ಬಿಲ್ಲಿನಲ್ಲಿ.

ರಿಟರ್ನ್ ಹಾಕುವ ಮುಂಚೆಯೇ ಗೊತ್ತಾಗಿದ್ದರಿಂದ ಆ ಬಿಲ್ಲು ರದ್ದು ಮಾಡಿ ಹೊಸ ನಂಬರಿನಲ್ಲಿ ಇನ್ನೊಂದು ಮಾಡಿದೆ. ಮಾಮ ಹಳೆಯದು ಪೂರ್ತಿ ಹೋಗಲಿ ಅಂದ್ರು. ಹೋಗಲ್ಲ, ಆ ನಂಬರ್ ರದ್ದು ಅಂತ ಉಳಿಯುತ್ತೆ, ಜಿಎಸ್‌ಟಿಆರ್-1ರಲ್ಲಿ ರದ್ದಾದ ಬಿಲ್ಲುಗಳ ಲೆಕ್ಕವನ್ನೂ ತೋರಿಸಬೇಕು ಅಂದೆ. "ಯವ್ವಾ, ನಂದೇ ತಪ್ಪು ನಾನು ಅಳಸಾಕ ಬರಾದಿಲ್ಲೇನು?" ಅಂತ ಕೇಳಿದ್ರು.

ಸಾಫ್ಟ್‌ವೇರಿನ ಪರವಾಗಿಯೂ ಹೇಳಲೇಬೇಕು. ಒಬ್ಬ ಗುತ್ತಿಗೆದಾರರು ಕೊಟ್ಟಾಯ್ತು ಅಂತ ಎರಡು ವರ್ಷ ಸಾಧಿಸಿದ ಬಾಕಿಯನ್ನು ಬಿಲ್ಲು ತೋರಿಸಿದ ಮೇಲೆ ಕೊಟ್ರು. ಡೈರಿ ತೋರಿಸಿದ್ದರೆ ನಕ್ಕು ಬಿಡ್ತಿದ್ರು. ಬಡವನ ಬರಹಕ್ಕೆ ಸಾಕ್ಷಿಯ ಬೆಲೆ ಬಂದದ್ದು ಸಣ್ಣ ಮಾತಲ್ಲ. ಆದರೆ ಅದೇ ಯಂತ್ರ, ಬೆಳೆ ಹೋದ ಹೊಳಗುಂದಿ ಕಡೆಯ ಒಬ್ಬ ರೈತರಿಗೆ 'ಗಡುವು ಮೀರಿದೆ' ಅಂತ ಸಂದೇಶ ಕಳಿಸಿತು. ಜ್ಞಾಪನೆಯ ಗುಂಡಿ ಒತ್ತಿಟ್ಟವಳು ನಾನೇ. ಅವರು ಸಾಲ ಮಾಡಿ ದುಡ್ಡು ತಂದುಕೊಟ್ಟು, ನೀರೂ ಕುಡಿಯದೆ ಹೋದ್ರು. ಮುಂದಿನ ದಸರೆಗೆ ಅವರ ಮನೆಗೆ ಬಣ್ಣ ಹೊಡೆದದ್ದು ಬೇರೆಯವರು.

ಈಗ ಜ್ಞಾಪನೆ ಬಂದ್ ಮಾಡಿದ್ದೇವೆ. ಮಾಮ ಮೊದಲು ಡೈರಿಯಲ್ಲಿ ಬರೀತಾರೆ, ಭಾನುವಾರ ಸಂಜೆ ನಾನು ಮೊಬೈಲಿಗೆ ಹಾಕ್ತೀನಿ. ಗಡುವಿನ ಜಾಗದಲ್ಲಿ ಅದು ತಾರೀಖು ಕೇಳುತ್ತೆ. ಮಾಮನನ್ನು ಕೇಳಿದರೆ, "ಹಾಕು ಯಾವುದಾರ ಒಂದು" ಅಂತಾರೆ.