ಹಸಿವೇ ಔಷಧವಾಗಿದ್ದ ಕಾಲ

ಸಕ್ಕರೆ ಕಾಯಿಲೆ ಎಂದು ಗೊತ್ತಾದ ಮನೆಯಲ್ಲಿ ಮೊದಲು ಬದಲಾಗುವುದು ಅಡುಗೆ. ಅನ್ನದ ಪಾತ್ರೆ ಚಿಕ್ಕದಾಗುತ್ತದೆ, ರಾತ್ರಿಗೆ ಚಪಾತಿ ಬರುತ್ತದೆ, ಹಬ್ಬದ ದಿನ ಹೋಳಿಗೆ ತಟ್ಟೆ ಪಕ್ಕಕ್ಕೆ ಸರಿಯುತ್ತದೆ. ಇಷ್ಟಕ್ಕೇ ಮುಖ ಸಿಂಡರಿಸುವವರು ನೂರು ವರ್ಷದ ಹಿಂದಿನ ಪಥ್ಯ ಹೇಗಿತ್ತೆಂದು ತಿಳಿಯಬೇಕು.

ಈ ರೋಗಕ್ಕೂ ಊಟಕ್ಕೂ ಇರುವ ನಂಟು ಹೊಸ ಅರಿವೇನಲ್ಲ. ಸುಶ್ರುತ ಸಂಹಿತೆ ಪ್ರಮೇಹವನ್ನು ಹುಟ್ಟಿನಿಂದ ಬಂದದ್ದು, ಅಪಥ್ಯದಿಂದ ಬಂದದ್ದು ಎಂದು ವಿಂಗಡಿಸಿ, ಜವೆಗೋಧಿಯ ಆಹಾರವನ್ನೂ ದೇಹಶ್ರಮವನ್ನೂ ಹೇಳುತ್ತದೆ. 1797ರಲ್ಲಿ ಬ್ರಿಟಿಷ್ ಸೇನಾ ವೈದ್ಯ ಜಾನ್ ರೋಲೊ ಪ್ರಕಟಿಸಿದ ಪಥ್ಯದಲ್ಲಿ ಧಾನ್ಯಕ್ಕೆ ಜಾಗ ತೀರಾ ಕಡಿಮೆಯಿತ್ತು: ಸುಣ್ಣದ ತಿಳಿ ಬೆರೆಸಿದ ಹಾಲು, ರಕ್ತ-ಕೊಬ್ಬು ಸೇರಿಸಿ ಬೇಯಿಸಿದ ಕಡುಬು, ಹಳೆಯ ಮಾಂಸ. ಮೆರೆಡಿತ್ ಎಂಬ ಕ್ಯಾಪ್ಟನ್ ಇದನ್ನು ತಿಂದು ಸುಧಾರಿಸಿಕೊಂಡನಂತೆ; ಎಷ್ಟು ಜನ ಇದನ್ನು ಸಹಿಸಿಯಾರು? 1870ರಲ್ಲಿ ಪ್ರಷ್ಯದ ಸೇನೆ ಪ್ಯಾರಿಸ್ಸಿಗೆ ಮುತ್ತಿಗೆ ಹಾಕಿ ಊಟಕ್ಕೆ ತತ್ವಾರವಾದಾಗ, ಕೆಲವು ರೋಗಿಗಳ ಮೂತ್ರದಲ್ಲಿ ಸಕ್ಕರೆ ಕಾಣೆಯಾದುದನ್ನು ವೈದ್ಯ ಬೂಶಾರ್ದಾ ಗಮನಿಸಿದ. ಆದಷ್ಟು ಕಡಿಮೆ ತಿನ್ನಿ ಎಂಬುದು ಅವನ ಉಪದೇಶ.

ಈ ವಿಚಾರವನ್ನು ಕೊನೆಯ ಮೆಟ್ಟಿಲವರೆಗೆ ಒಯ್ದವನು ಅಮೆರಿಕದ ಫ್ರೆಡರಿಕ್ ಅಲೆನ್. ಮೂತ್ರದಿಂದ ಸಕ್ಕರೆ ಮಾಯವಾಗುವವರೆಗೆ ಉಪವಾಸ. ಆಮೇಲೆ ತೂಗಿ ತೂಗಿ ಒಂದಿಷ್ಟು ಆಹಾರ. ಪಿಷ್ಟ ಬಿಟ್ಟುಹೋಗಲೆಂದು ತರಕಾರಿಯನ್ನು ಮೂರು ಸಲ ಬೇಯಿಸಿ ನೀರು ಚೆಲ್ಲುತ್ತಿದ್ದರು. ಆ ಸಪ್ಪೆ ಎಲೆಕೋಸಿನಲ್ಲಿ ಏನು ಉಳಿದಿರುತ್ತಿತ್ತೋ! ಅವನ ಆಸ್ಪತ್ರೆಯಲ್ಲಿದ್ದ ಹನ್ನೆರಡು ವರ್ಷದ ಕುರುಡು ಹುಡುಗನೊಬ್ಬ ಹಸಿವು ತಾಳದೆ ಹಲ್ಲುಜ್ಜುವ ಪೇಸ್ಟನ್ನೂ ಪಂಜರದ ಹಕ್ಕಿಯ ಕಾಳನ್ನೂ ತಿಂದಿದ್ದ. ಅಲೆನ್ ಕ್ರೂರಿಯಲ್ಲ. ಪಥ್ಯವಿಲ್ಲದಿದ್ದರೆ ಇಂಥ ಮಕ್ಕಳು ಬೇಗನೆ ಸಾಯುತ್ತಿದ್ದರು, ಪಥ್ಯದಿಂದ ಕೆಲಕಾಲ ಬದುಕುತ್ತಿದ್ದರು. ಹಸಿವಿನಿಂದಲೇ ಸತ್ತವರೂ ಇದ್ದರು.

ಅವನ ರೋಗಿಗಳಲ್ಲಿ ಎಲಿಜಬೆತ್ ಹ್ಯೂಸ್ ಒಬ್ಬಳು. ತಂದೆ ಅಮೆರಿಕದ ವಿದೇಶಾಂಗ ಸಚಿವ. ಮಗಳ ಊಟ ಮಾತ್ರ ತಕ್ಕಡಿಯ ಲೆಕ್ಕ. 1919ರಲ್ಲಿ ರೋಗ ತಿಳಿಯಿತು. 1922ರ ಆಗಸ್ಟಿನಲ್ಲಿ ಟೊರಾಂಟೊಗೆ ಹೋದಾಗ, ಹದಿನೈದು ತುಂಬಲಿದ್ದ ಅವಳ ತೂಕ ಸುಮಾರು 20 ಕಿಲೊ. ಆ ವರ್ಷದ ಜನವರಿಯಲ್ಲಷ್ಟೇ ಅಲ್ಲಿ ಇನ್ಸುಲಿನ್ನನ್ನು ಮೊದಲ ಬಾರಿಗೆ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಚುಚ್ಚಿದ್ದರು. ಬ್ಯಾಂಟಿಂಗ್ ಅವಳಿಗೂ ಅದನ್ನು ಕೊಟ್ಟ. ಅವಳು ಮತ್ತೆ ಬ್ರೆಡ್ ತಿಂದಳು.

ಇನ್ಸುಲಿನ್ ಬಂದ ಮೇಲೂ ತಕ್ಕಡಿ ಹೋಗಲಿಲ್ಲ. 1950ರಲ್ಲಿ ಅಮೆರಿಕದ ಸಂಸ್ಥೆಗಳು ಒಂದು ಆಹಾರಕ್ಕೆ ಬದಲಾಗಿ ಎಷ್ಟು ಇನ್ನೊಂದನ್ನು ತಿನ್ನಬಹುದೆಂಬ ಪಟ್ಟಿ ಹೊರತಂದು ರೋಗಿಗೆ ಆಯ್ಕೆಯ ಸ್ವಾತಂತ್ರ್ಯ ಕೊಟ್ಟವು. 1981ರಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಯಾವ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆಂದು ಅಳೆದು 'ಗ್ಲೈಸೀಮಿಕ್ ಇಂಡೆಕ್ಸ್' ಮಂಡಿಸಿದರು. ಒಂದೇ ಪ್ರಮಾಣದ ಪಿಷ್ಟವಿದ್ದರೂ ಕಾಳು ನಿಧಾನ, ಬ್ರೆಡ್ ಅವಸರ.

ನಮ್ಮ ರಾಗಿಯ ಬಗೆಗೂ ಒಂದು ಮಾತು. ಮುದ್ದೆ ಉಂಡರೆ ಸಕ್ಕರೆ ಏರುವುದೇ ಇಲ್ಲವೆಂಬ ನಂಬಿಕೆ ಹಳೇ ಮೈಸೂರಿನಲ್ಲಿ ಗಟ್ಟಿಯಾಗಿದೆ. ರಾಗಿಯಲ್ಲೂ ಪಿಷ್ಟವೇ ಹೆಚ್ಚು. ನಾರಿನಂಶ ಇರುವುದು ನಿಜ. ಆದರೆ ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಬೇಗ ಜೀರ್ಣವಾಗುತ್ತದೆ. ಮುದ್ದೆ ಚಿಕ್ಕದಾಗಿ, ಸೊಪ್ಪು-ಕಾಳಿನ ಬಸ್ಸಾರು ಹೆಚ್ಚಾಗಿ ಇದ್ದರೆ ಲೆಕ್ಕ ಸರಿಹೋಗುತ್ತದೆ.

ಜೆಂಕಿನ್ಸ್ ಕೆಲಸ ಮಾಡಿದ್ದೂ ಟೊರಾಂಟೊದಲ್ಲೇ. ಅವರ ಲೇಖನ ಬಂದ ವರ್ಷವೇ ಎಲಿಜಬೆತ್ ತೀರಿಕೊಂಡಳು. ಆಗ ಅವಳಿಗೆ 73 ವರ್ಷ.