ಉಳಿಯ ಹಿಡಿಯ ಮೇಲೊಂದು ಹೆಸರು

ನಮ್ಮ ಮನೆಗಳ ಸ್ಟೀಲ್ ಪಾತ್ರೆಗಳನ್ನು ತಿರುಗಿಸಿ ನೋಡಿದರೆ ಅಂಚಿನಲ್ಲೋ ತಳದಲ್ಲೋ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರೊಂದು ಕಾಣುತ್ತದೆ. ಮದುವೆಗೆ ಉಡುಗೊರೆ ಕೊಟ್ಟವರದೋ, ಅಜ್ಜಿಯದೋ. ನೆರೆಮನೆಯ ಸಮಾರಂಭಕ್ಕೆ ಹೋದ ಪಾತ್ರೆ ಗುರುತು ತಪ್ಪದೆ ಹಿಂದಿರುಗಲಿ ಎಂಬುದು ಅದರ ಉದ್ದೇಶ. ಹಲವರು ಒಟ್ಟಿಗೆ ದುಡಿಯುವ ಕಾರ್ಯಾಗಾರದಲ್ಲಿ ಉಳಿ, ಸುತ್ತಿಗೆ, ಗರಗಸಗಳ ಮೇಲೆ ಹೆಸರು ಹಾಕುವುದೂ ಇದೇ ಕಾರಣಕ್ಕೆ. ಆದರೆ ಲೋಟ ಕಳೆದರೆ ಬೇರೊಂದು ಲೋಟದಲ್ಲಿ ಕಾಫಿ ಕುಡಿಯಬಹುದು. ಉಳಿ ಕಳೆದುಕೊಂಡ ಬಡಗಿಗೆ ನಾಳೆಯ ಕೂಲಿಯೇ ಇಲ್ಲ. ಹಾಗಾಗಿ ಉಪಕರಣದ ಮೇಲಿನ ಹೆಸರಿನ ಚರಿತ್ರೆ ಬರೀ ಕಳ್ಳತನದ ಭಯದ ಚರಿತ್ರೆಯಲ್ಲ. ದುಡಿಯುವವನ ಕೈಯಲ್ಲಿರುವ ವಸ್ತು ನಿಜಕ್ಕೂ ಯಾರದು ಎಂಬ ಪ್ರಶ್ನೆಯ ಚರಿತ್ರೆ.

ಮೊದಲು ಹೆಸರಿಗಿಂತ ತೂಕವೇ ಮುಖ್ಯವಾಗಿದ್ದ ಕಾಲವನ್ನು ನೋಡೋಣ. ಈಜಿಪ್ಟಿನಲ್ಲಿ, ಇಂದಿನ ಲಕ್ಸರ್ ನಗರದೆದುರು ನೈಲ್ ನದಿಯ ಪಶ್ಚಿಮ ದಂಡೆಯಲ್ಲಿ ದೇರ್ ಎಲ್ ಮದೀನಾ ಎಂಬ ಹಾಳೂರಿದೆ. ರಾಜರ ಕಣಿವೆಯ ಗೋರಿಗಳನ್ನು ಕೊರೆದು ಚಿತ್ರಿಸಿದ ಕೆಲಸಗಾರರು ಮೂರು ಸಾವಿರ ವರ್ಷಗಳ ಹಿಂದೆ ಸಂಸಾರಸಮೇತ ಇಲ್ಲಿದ್ದರು. ಅವರು ಬಂಡೆ ಕೊರೆಯುತ್ತಿದ್ದ ತಾಮ್ರದ ಉಳಿಗಳು ಸರ್ಕಾರದ ಸೊತ್ತು. ಕೊಡುವಾಗ ಕಲ್ಲಿನ ಬೊಟ್ಟಿಟ್ಟು ತೂಗುತ್ತಿದ್ದರು, ಮೊಂಡಾಗಿ ಹಿಂದಿರುಗಿದಾಗ ಮತ್ತೆ ತೂಗುತ್ತಿದ್ದರು. ಅಂಥ ಬರಹವುಳ್ಳ ತೂಕದ ಕಲ್ಲುಗಳು ಇಂದಿಗೂ ಉಳಿದಿವೆ. ತಾಮ್ರ ಬೆಲೆಬಾಳುವ ಲೋಹ. ಉಳಿಯಿಂದ ಒಂದು ಚೂರು ಕದ್ದರೂ ತಕ್ಕಡಿ ಹೇಳಿಬಿಡುತ್ತಿತ್ತು. ಇದೇ ಊರಿನವರಿಗೆ ತಮ್ಮದೇ ಆದ ಗುರುತುಚಿಹ್ನೆಗಳಿದ್ದವು. ಮಡಕೆ, ಬಟ್ಟೆಯಂಥ ಸ್ವಂತ ವಸ್ತುಗಳ ಮೇಲೆ ಅವನ್ನು ಹಾಕಿಕೊಳ್ಳುತ್ತಿದ್ದರು. ಸ್ವಂತದ್ದಕ್ಕೆ ಗುರುತು, ದೊರೆಯದಕ್ಕೆ ತೂಕ.

ಹಾಗೆಂದು ಸ್ವಂತ ಉಳಿ ಯಾರಿಗೂ ಇರಲಿಲ್ಲ ಎನ್ನುವಂತಿಲ್ಲ. ಎರಡನೇ ಸೇತಿ ದೊರೆಯ ಆರನೇ ವರ್ಷದಲ್ಲಿ ನೆಬ್‌ನೆಫರ್ ಎಂಬ ಕೆಲಸಗಾರ ಊರ ನ್ಯಾಯಸಭೆಗೆ ದೂರು ತಂದ. ತನ್ನ ಉಪಕರಣವೊಂದನ್ನು ಮನೆಯಲ್ಲೇ ಹೂತಿಟ್ಟಿದ್ದೆ, ಅದು ಕಳುವಾಗಿದೆ ಎಂದು. ಹೇರಿಯಾ ಎಂಬ ಹೆಂಗಸು ಅದನ್ನು ಒಯ್ದದ್ದನ್ನು ನೋಡಿದೆ ಎಂದು ಇನ್ನೊಬ್ಬಾಕೆ ಸಾಕ್ಷಿ ಹೇಳಿದಳು. ಹೇರಿಯಾ ಆಣೆಯಿಟ್ಟು ಅಲ್ಲಗಳೆದಳು. ಮನೆ ಶೋಧಿಸಿದಾಗ ಉಪಕರಣವೂ ಸಿಕ್ಕಿತು, ಜೊತೆಗೆ ದೇವಸ್ಥಾನದ ವಸ್ತುವೂ ಸಿಕ್ಕಿತು. ಕಲ್ಲಿನ ಚಕ್ಕೆಯ ಮೇಲೆ ಬರೆದಿಟ್ಟ ಈ ವಿಚಾರಣೆ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಒಂದು ಉಪಕರಣಕ್ಕಾಗಿ ಊರಿಗೆ ಊರೇ ಆಣೆ ಪ್ರಮಾಣ ಮಾಡಬೇಕಾಯಿತು ಎಂದರೆ, ಅದು ಅವನಿಗೆ ಎಷ್ಟು ದೊಡ್ಡ ಆಸ್ತಿಯಾಗಿತ್ತೆಂದು ಊಹಿಸಬಹುದು.

ಉಪಕರಣ ಕೆಲಸಗಾರನದೇ ಆದ ಕಡೆ ಹೆಸರು ಢಾಳಾಗಿ ಕಾಣುತ್ತದೆ. 18 ಮತ್ತು 19ನೇ ಶತಮಾನದ ಇಂಗ್ಲೆಂಡಿನ ಮರಗೆಲಸದ ಶಾಲೆಗಳಲ್ಲಿ ಬಡಗಿಗಳು ತಮ್ಮ ಉಪಕರಣಗಳನ್ನು ತಾವೇ ಕೊಳ್ಳುತ್ತಿದ್ದರು. ಮರವನ್ನು ನುಣುಪು ಮಾಡುವ, ಅಂಚಿಗೆ ಆಕಾರ ಕೊಡುವ ಕೀಸುಳಿಗಳೇ ಒಬ್ಬನ ಪೆಟ್ಟಿಗೆಯಲ್ಲಿ ಹತ್ತಾರು ಇರುತ್ತಿದ್ದವು. ಎಲ್ಲವೂ ಬೀಚ್ ಮರದವು, ನೋಡಲು ಒಂದೇ ತೆರನವು. ಸಾಲಾಗಿ ಮೇಜುಗಳಿದ್ದ ಶಾಲೆಯಲ್ಲಿ ಯಾರದು ಯಾವುದೆಂದು ತಿಳಿಯುವುದು ಹೇಗೆ? ಅದಕ್ಕಾಗಿ ಪ್ರತಿಯೊಬ್ಬನೂ ತನ್ನ ಹೆಸರಿನ ಉಕ್ಕಿನ ಅಚ್ಚನ್ನು ಇಟ್ಟುಕೊಳ್ಳುತ್ತಿದ್ದ. ಕೀಸುಳಿಯ ತುದಿಯಲ್ಲಿ, ಮರದ ಎಳೆ ಕೊನೆಗೊಳ್ಳುವ ಮುಖದ ಮೇಲೆ, ಅಚ್ಚನ್ನಿಟ್ಟು ಸುತ್ತಿಗೆಯಿಂದ ಒಂದೇ ಏಟು. ಆ ಮುಖದಲ್ಲಿ ಅಕ್ಷರ ಆಳವಾಗಿ, ಸ್ಪಷ್ಟವಾಗಿ ಮೂಡುತ್ತದೆ.

ಬಡಗಿ ಸತ್ತಾಗ ಅಥವಾ ಕೆಲಸ ಬಿಟ್ಟಾಗ ಪೆಟ್ಟಿಗೆ ಇನ್ನೊಬ್ಬನಿಗೆ ಮಾರಾಟವಾಗುತ್ತಿತ್ತು. ಹೊಸಬ ಎಷ್ಟೋ ಸಲ ಹಳಬನ ಹೆಸರನ್ನು ಕೆರೆದು ಹಾಕದೆ, ಪಕ್ಕದಲ್ಲೇ ತನ್ನದನ್ನೂ ಒತ್ತುತ್ತಿದ್ದ. ಹೀಗೆ ಮೂರು ನಾಲ್ಕು ಹೆಸರು ಹೊತ್ತ ಕೀಸುಳಿಗಳು ಇಂದಿಗೂ ಸಂಗ್ರಹಕಾರರಿಗೆ ಸಿಗುತ್ತವೆ. ತಯಾರಕನ ಹೆಸರೂ ಅದೇ ತುದಿಯಲ್ಲಿರುವುದರಿಂದ ಯಾವುದು ಮಾಡಿದವನದು, ಯಾವುದು ಬಳಸಿದವನದು ಎಂದು ಬಿಡಿಸುವುದೇ ಒಂದು ವಿದ್ಯೆ. ಡಬ್ಲ್ಯು. ಎಲ್. ಗುಡ್‌ಮನ್ 1968ರಲ್ಲಿ ಬ್ರಿಟಿಷ್ ಕೀಸುಳಿ ತಯಾರಕರ ಬಗ್ಗೆ ಪ್ರಕಟಿಸಿದ ಪುಸ್ತಕದ ಹಿಂದೆ ಇಂಥ ಅಚ್ಚುಗಳ ಅಧ್ಯಯನವಿದೆ. ಬೇರೆಲ್ಲೂ ದಾಖಲಾಗದ ಎಷ್ಟೋ ಬಡಗಿಗಳ ಹೆಸರು ಹೀಗೆ ಮರದ ತುಂಡಿನ ಮೇಲಷ್ಟೇ ಬದುಕಿದೆ. ಈ ಪೆಟ್ಟಿಗೆಗೆ ಬೆಂಕಿ ಬಿದ್ದರೆ ಸಂಸಾರವೇ ಬೀದಿಗೆ ಬೀಳುತ್ತಿತ್ತು. ಅದಕ್ಕೇ 1860ರಲ್ಲಿ ಹುಟ್ಟಿದ ಅಲ್ಲಿನ ಬಡಗಿಗಳ ಒಕ್ಕೂಟ, ಉಪಕರಣ ಕಳೆದುಕೊಂಡ ಸದಸ್ಯನಿಗೆ ಪರಿಹಾರ ಕೊಡುವುದನ್ನು ತನ್ನ ಮುಖ್ಯ ಸೌಲಭ್ಯಗಳಲ್ಲಿ ಸೇರಿಸಿಕೊಂಡಿತ್ತು.

ಹೆಸರಿನ ಬೆಲೆ ಎಷ್ಟೆಂದು ತಿಳಿಯಲು ಅಮೆರಿಕದ ಒಬ್ಬ ಮನುಷ್ಯನನ್ನು ನೆನೆಯಬೇಕು. ಮ್ಯಾಸಚೂಸೆಟ್ಸಿನ ರೆಂಥಮ್ ಎಂಬ ಊರಿನಲ್ಲಿ ಫ್ರಾನ್ಸಿಸ್ ನಿಕೋಲ್ಸನ್ ಎಂಬ ಕೀಸುಳಿ ತಯಾರಕನಿದ್ದ. ಸೀಸರ್ ಚೆಲರ್ ಅವನ ಗುಲಾಮ, ಅಂದರೆ ಸ್ವತಃ ಒಂದು ಸೊತ್ತು. ನಿಕೋಲ್ಸನ್ 1753ರಲ್ಲಿ ತೀರಿಕೊಂಡಾಗ ಉಯಿಲಿನ ಪ್ರಕಾರ ಚೆಲರ್‌ಗೆ ಬಿಡುಗಡೆ ಸಿಕ್ಕಿತು. ಜೊತೆಗೆ ಕೆಲಸದ ಮೇಜು, ಉಪಕರಣಗಳು, ಹತ್ತು ಎಕರೆ ಜಮೀನು. ಆಮೇಲೆ ತಾನು ಮಾಡಿದ ಕೀಸುಳಿಗಳ ಮೇಲೆ ಅವನು ತನ್ನದೇ ಅಚ್ಚು ಒತ್ತಿದ: ಚೆಲರ್, ರೆಂಥಮ್‌ನಲ್ಲಿ ವಾಸ. ಅದು ಬಳಸುವವನ ಗುರುತಲ್ಲ, ಮಾಡಿದವನ ಗುರುತು, ನಿಜ. ಆದರೆ ಇನ್ನೊಬ್ಬನ ಆಸ್ತಿಪಟ್ಟಿಯಲ್ಲಿದ್ದವನು ವಸ್ತುವಿನ ಮೇಲೆ ತನ್ನ ಹೆಸರನ್ನೂ ಊರನ್ನೂ ಬರೆದದ್ದು ಸಣ್ಣ ಮಾತಲ್ಲ.

ಕಾರ್ಖಾನೆಗಳು ಬಂದಾಗ ಚಕ್ರ ಮತ್ತೆ ಈಜಿಪ್ಟಿನ ಕಡೆಗೆ ತಿರುಗಿತು. ಯಂತ್ರದ ಜೊತೆಗೆ ಅನೇಕ ಉಪಕರಣಗಳೂ ಕಂಪನಿಯವಾದವು. ಕೆಲಸಗಾರನಿಗೆ ಸಿಕ್ಕಿದ್ದು ನಂಬರು ಒತ್ತಿದ ಹಿತ್ತಾಳೆಯ ಬಿಲ್ಲೆಗಳು. ಉಗ್ರಾಣದ ಕಿಂಡಿಯಲ್ಲಿ ಬಿಲ್ಲೆ ಕೊಟ್ಟು ಉಪಕರಣ ಪಡೆಯಬೇಕು. ಉಪಕರಣವಿದ್ದ ಮೊಳೆಗೆ ಆ ಬಿಲ್ಲೆ ತೂಗಾಡುತ್ತದೆ. ಸಂಜೆ ಹಿಂದಿರುಗಿಸಿದರೆ ಬಿಲ್ಲೆ ವಾಪಸು. ನಮ್ಮ ದೇಶದ 1936ರ ವೇತನ ಪಾವತಿ ಕಾಯ್ದೆಯು, ಕಾರ್ಮಿಕನ ವಶಕ್ಕೆ ಕೊಟ್ಟ ವಸ್ತು ಅವನ ಅಲಕ್ಷ್ಯದಿಂದ ಕಳೆದುಹೋದರೆ ಸಂಬಳದಿಂದ ಮುರಿದುಕೊಳ್ಳಲು ಅವಕಾಶ ಕೊಟ್ಟಿತು. ಹೆಸರಿದ್ದಲ್ಲಿ ನಂಬರು ಬಂತು, ಒಡೆತನವಿದ್ದಲ್ಲಿ ಹೊಣೆ ಬಂತು.

ಹಾಗಾದರೆ ನಮ್ಮ ಶಿಲ್ಪಿಗಳು? ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ ತಮ್ಮ ಹೆಸರನ್ನು ಶಿಲ್ಪದ ಬುಡದಲ್ಲಿ ಕನ್ನಡದಲ್ಲೇ ಕೆತ್ತಿದರು. ಅವರ ಉಳಿಗಳ ಮೇಲೇನಿತ್ತೋ ಹೇಳಲು ಉಳಿಗಳೇ ಇಲ್ಲ. ಕಬ್ಬಿಣದ ಉಳಿ ಮೊಂಡಾದಾಗಲೆಲ್ಲ ಕುಲುಮೆಗೆ ಹೋಗಿ, ಬಡಿಸಿಕೊಂಡು, ಮತ್ತೆ ಚೂಪಾಗಿ, ಪ್ರತಿ ಸಲ ಒಂದಿಷ್ಟು ಗಿಡ್ಡವಾಗುತ್ತದೆ. ಕೊನೆಗೆ ಹಿಡಿಯಲಾರದಷ್ಟಾಗುತ್ತದೆ. ಉಪಕರಣ ಸವೆದು ಹೆಸರು ಕಲ್ಲಿನಲ್ಲಿ ಉಳಿಯಿತು.

ಕಾನೂನು ಮಾತ್ರ ಒಂದು ಹಳೆಯ ತಿಳಿವಳಿಕೆಯನ್ನು ಉಳಿಸಿಕೊಂಡಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ, ಸಾಲ ತೀರಿಸಲಾಗದವನ ಆಸ್ತಿಯನ್ನು ಜಪ್ತಿ ಮಾಡಿದರೂ ಕುಶಲಕರ್ಮಿಯ ಉಪಕರಣಗಳನ್ನು ಮುಟ್ಟುವಂತಿಲ್ಲ. ಎಲ್ಲ ಹೋದರೂ ದುಡಿಯುವ ಕೈಗೆ ಉಳಿ ಇರಲಿ ಎಂಬುದು ಅದರ ಅರ್ಥ.

ಮುಂಬಯಿಯ ನಾಕಾಗಳಲ್ಲಿ ಬೆಳಗ್ಗೆ ಕೂಲಿಗಾಗಿ ಕಾಯುವವರ ಚೀಲಗಳನ್ನು ಇನ್ನೊಮ್ಮೆ ನೋಡಿ. ಯಾವುದಾದರೂ ಸುತ್ತಿಗೆಯ ಕಾವಿನ ಮೇಲೆ ಕಾಯಿಸಿದ ಮೊಳೆಯಿಂದ ಸುಟ್ಟು ಬರೆದ ಒಂದು ಅಕ್ಷರ ಕಂಡೀತು. ಇವತ್ತು ಯಾರ ಕೆಲಸ, ಯಾವ ಕಟ್ಟಡ ಎಂದು ಅವನಿಗೆ ಗೊತ್ತಿಲ್ಲ. ಸುತ್ತಿಗೆ ಯಾರದೆಂದು ಮಾತ್ರ ಗೊತ್ತಿದೆ.