ವಿಂಡ್‌ಸರ್ಫಿಂಗ್ ಹಲಗೆಗೆ ಬದಲಿ ಫಿನ್ ಜೋಡಣೆ: ಗಮನಿಸಬೇಕಾದ ಅಂಶಗಳು

ವಿಂಡ್‌ಸರ್ಫಿಂಗ್ ಹಲಗೆಯ ತಳದಲ್ಲಿ, ಹಿಂತುದಿಯ ಸಮೀಪ ನೀರಿನೊಳಕ್ಕೆ ಇಳಿದಿರುವ ಅಲಗಿನಂತಹ ಭಾಗವೇ ಫಿನ್. ಮೀನಿನ ಈಜುರೆಕ್ಕೆಯಿಂದ ಇದಕ್ಕೆ ಈ ಹೆಸರು ಬಂದಿದೆ. ಹಾಯಿಗೆ ತಾಗುವ ಗಾಳಿಯು ಹಲಗೆಯನ್ನು ಮುಂದಕ್ಕೆ ಒಯ್ಯುವುದರ ಜೊತೆಗೆ ಪಕ್ಕಕ್ಕೂ ತಳ್ಳುತ್ತದೆ. ಈ ಪಾರ್ಶ್ವ ಒತ್ತಡವನ್ನು ನೀರಿನಲ್ಲಿ ಎದುರಿಸಿ ಹಲಗೆಯನ್ನು ಹಾದಿಯಲ್ಲಿ ಇರಿಸುವುದು ಫಿನ್‌ನ ಕೆಲಸ. ನಡುವೆ ಡ್ಯಾಗರ್‌ಬೋರ್ಡ್ ಇಲ್ಲದ ಹಲಗೆಯ ಫಿನ್ ಕಳಚಿಬಿದ್ದರೆ ಹಲಗೆ ಅಡ್ಡಡ್ಡ ಜಾರತೊಡಗುತ್ತದೆ. ಗಾಳಿಗೆ ಎದುರಾಗಿ ದಡಕ್ಕೆ ಮರಳುವುದು ಬಹುತೇಕ ಅಸಾಧ್ಯವಾಗುತ್ತದೆ. ಗಾಳಿ ದಡದಿಂದ ಕಡಲಿನತ್ತ ಬೀಸುತ್ತಿದ್ದರೆ ಇದು ಜೀವಕ್ಕೇ ಸಂಚಕಾರ. ಆದ್ದರಿಂದ ಬದಲಿ ಫಿನ್ ಜೋಡಣೆಯನ್ನು ತಿರುಪು ಬಿಗಿಯುವ ಐದು ನಿಮಿಷದ ಕೆಲಸವೆಂದು ಭಾವಿಸುವುದು ಸರಿಯಲ್ಲ.

ಹಿನ್ನೆಲೆ

ಅಮೆರಿಕದ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಜರ್ 1968ರಲ್ಲಿ ಹಾಯಿ ಹಲಗೆಗೆ ಪೇಟೆಂಟ್ ಅರ್ಜಿ ಸಲ್ಲಿಸಿದ ನಂತರ ಈ ಕ್ರೀಡೆ ಜಗತ್ತಿನಾದ್ಯಂತ ಹರಡಿತು. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಪುರುಷರಿಗೆ, 1992ರ ಬಾರ್ಸಿಲೋನಾದಲ್ಲಿ ಮಹಿಳೆಯರಿಗೆ ಸ್ಪರ್ಧೆ ಆರಂಭವಾಯಿತು. 2008ರ ಬೀಜಿಂಗ್‌ನಿಂದ ಟೋಕಿಯೊವರೆಗೆ ಆರ್‌ಎಸ್‌:ಎಕ್ಸ್ ಹಲಗೆ ಬಳಕೆಯಲ್ಲಿತ್ತು. 2024ರ ಪ್ಯಾರಿಸ್‌ನಲ್ಲಿ ಫಿನ್‌ನ ಜಾಗಕ್ಕೆ ಹಲಗೆಯನ್ನೇ ನೀರಿನಿಂದ ಮೇಲಕ್ಕೆತ್ತುವ ಫಾಯಿಲ್ ಬಂದಿತು. 2023ರಲ್ಲಿ ನಡೆದ ಹ್ಯಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಆರ್‌ಎಸ್‌:ಎಕ್ಸ್ ವಿಭಾಗದಲ್ಲಿ ಭಾರತದ ಈಬಾದ್ ಅಲಿ ಕಂಚಿನ ಪದಕ ಗೆದ್ದರು.

ಬಾಕ್ಸ್ ಯಾವುದೆಂದು ತಿಳಿಯುವುದು

ಫಿನ್‌ನ ಬುಡ ಕೂರುವ ಗೂಡಿಗೆ ಫಿನ್ ಬಾಕ್ಸ್ ಎನ್ನುತ್ತಾರೆ. ಬದಲಿ ಫಿನ್ ಕೊಳ್ಳುವ ಮೊದಲು ಹಲಗೆಯಲ್ಲಿರುವ ಬಾಕ್ಸ್ ಯಾವ ಮಾದರಿಯದೆಂದು ಖಚಿತಪಡಿಸಿಕೊಳ್ಳಬೇಕು. ಒಂದರ ಫಿನ್ ಇನ್ನೊಂದಕ್ಕೆ ಸಾಮಾನ್ಯವಾಗಿ ಹೊಂದುವುದಿಲ್ಲ.

ಯು.ಎಸ್. ಬಾಕ್ಸ್: ಉದ್ದನೆಯ ಕಿರಿದಾದ ಸೀಳು. ಫಿನ್ ಬುಡದ ಒಂದು ತುದಿಯ ಅಡ್ಡಪಿನ್ನು ಸೀಳಿನೊಳಗಿನ ಕಾಲುವೆಯಲ್ಲಿ ಜಾರುತ್ತದೆ. ಇನ್ನೊಂದು ತುದಿಯನ್ನು ಚಿಕ್ಕ ಲೋಹದ ಬಿಲ್ಲೆ ಮತ್ತು ತಿರುಪಿನಿಂದ ತಳದ ಕಡೆಯಿಂದಲೇ ಬಿಗಿಯುತ್ತಾರೆ. ಫಿನ್ ಅನ್ನು ಮುಂದಕ್ಕೆ ಸರಿಸಿದರೆ ಹಲಗೆ ಚುರುಕಾಗಿ ತಿರುಗುತ್ತದೆ, ಹಿಂದಕ್ಕೆ ಸರಿಸಿದರೆ ನೇರ ಹಾದಿಯಲ್ಲಿ ಸ್ಥಿರವಾಗಿರುತ್ತದೆ. ಉದ್ದನೆಯ ಸರ್ಫಿಂಗ್ ಹಲಗೆಗಳಲ್ಲೂ ನಿಂತು ಹುಟ್ಟು ಹಾಕುವ ಪ್ಯಾಡಲ್ ಹಲಗೆಗಳಲ್ಲೂ ಇದೇ ಬಾಕ್ಸ್ ಸಾಮಾನ್ಯವಾದ್ದರಿಂದ, ಮೂಲ್ಕಿಯ ಕಡಲತೀರದಲ್ಲಿ ಸರ್ಫಿಂಗ್ ಕಲಿತವರಿಗೆ ಇದು ಹೊಸದೆನಿಸದು.

ಪವರ್ ಬಾಕ್ಸ್: ಓರೆಯಾದ ಬುಡವನ್ನು ಹಲಗೆಯ ಮೇಲ್ಭಾಗದಿಂದ ಬರುವ ಒಂದೇ ತಿರುಪು ಒಳಕ್ಕೆ ಎಳೆದು ಹಿಡಿಯುತ್ತದೆ. ಮಧ್ಯಮ ಗಾತ್ರದ ಫಿನ್‌ಗಳಿಗೆ ಇದು ಸಾಕು.

ಟಟ್ಟಲ್ ಮತ್ತು ಡೀಪ್ ಟಟ್ಟಲ್: ಅಮೆರಿಕದ ಲ್ಯಾರಿ ಟಟ್ಟಲ್ ಅವರ ಹೆಸರಿನ ಈ ಮಾದರಿಯಲ್ಲಿ ಮೇಲಿನಿಂದ ಎರಡು ತಿರುಪುಗಳು ಬರುತ್ತವೆ. ವೇಗದ ಹಲಗೆಗಳ ಉದ್ದ ಫಿನ್‌ಗಳಿಗೆ ಇದು ಸೂಕ್ತ. ಫಾರ್ಮುಲಾ ವರ್ಗದಲ್ಲಿ ಫಿನ್ 70 ಸೆಂ.ಮೀ.ವರೆಗೂ ಇರುವುದರಿಂದ ಅಲ್ಲಿ ಡೀಪ್ ಟಟ್ಟಲ್ ಬಳಕೆಯಾಗುತ್ತದೆ. ಟಟ್ಟಲ್ ಬುಡದ ಫಿನ್ ಅನ್ನು ಉದ್ದ ತಿರುಪು ಬಳಸಿ ಡೀಪ್ ಟಟ್ಟಲ್ ಬಾಕ್ಸ್‌ಗೆ ಜೋಡಿಸಬಹುದು. ಡೀಪ್ ಟಟ್ಟಲ್ ಫಿನ್ ಮಾತ್ರ ಟಟ್ಟಲ್ ಬಾಕ್ಸ್‌ನಲ್ಲಿ ಪೂರ್ಣವಾಗಿ ಇಳಿಯುವುದಿಲ್ಲ. ಅಲೆಯ ಹಲಗೆಗಳ ಪಕ್ಕದ ಚಿಕ್ಕ ಫಿನ್‌ಗಳಿಗೆ ಮಿನಿ ಟಟ್ಟಲ್, ಸ್ಲಾಟ್ ಬಾಕ್ಸ್ ಮೊದಲಾದ ಮಾದರಿಗಳಿವೆ.

ಭಾರ ಹೊರುವುದು ಬೆಣೆ

ಪವರ್ ಮತ್ತು ಟಟ್ಟಲ್ ಬಾಕ್ಸ್‌ಗಳಲ್ಲಿ ಫಿನ್ ಅನ್ನು ಹಿಡಿದಿಡುವುದು ತಿರುಪೇ ಎಂಬ ತಪ್ಪುಕಲ್ಪನೆ ಸಾಮಾನ್ಯ. ತಿರುಪಿನ ಕೆಲಸ ಬುಡವನ್ನು ಒಳಕ್ಕೆ ಎಳೆದುಕೊಳ್ಳುವುದಷ್ಟೇ. ಸವಾರಿಯ ಭಾರವನ್ನು ಹೊರುವುದು ಬುಡದ ಮುಂದಿನ ಹಾಗೂ ಹಿಂದಿನ ಓರೆ ಮುಖಗಳು ಮತ್ತು ಪಕ್ಕದ ಗೋಡೆಗಳು. ಕೊಡಲಿಯ ಕಾವಿಗೆ ಬಡಿಯುವ ಬೆಣೆಯಂತೆ ಈ ಮುಖಗಳು ಬಾಕ್ಸ್‌ಗೆ ಎಲ್ಲೆಡೆ ಸಮನಾಗಿ ಒತ್ತಿ ಕೂರಬೇಕು. ಒಂದೆರಡು ಬಿಂದುಗಳಲ್ಲಿ ಮಾತ್ರ ತಾಗಿದರೆ ಫಿನ್ ಅಲುಗಾಡುತ್ತದೆ. ಪ್ರತಿ ಅಲುಗಾಟವೂ ಬಾಕ್ಸ್‌ಗೆ ಬೀಳುವ ಚಿಕ್ಕ ಪೆಟ್ಟು. ಕ್ರಮೇಣ ಬಾಕ್ಸ್ ಬಿರಿದು ಹಲಗೆಯ ಒಳಗಿನ ಫೋಮ್‌ಗೆ ನೀರು ಸೇರುತ್ತದೆ. ಫಿನ್ ಮುರಿದರೆ ಹೊಸದು ಕೊಳ್ಳಬಹುದು. ಬಾಕ್ಸ್ ಒಡೆದರೆ ಹಲಗೆಯನ್ನೇ ದುರಸ್ತಿಗೆ ಕಳುಹಿಸಬೇಕಾಗುತ್ತದೆ.

ಜೋಡಿಸುವ ಕ್ರಮ

1. ಹಳೆಯ ಫಿನ್ ತೆಗೆಯುವಾಗ ತಿರುಪನ್ನು ಪೂರ್ಣ ಕಳಚಬಾರದು. ನಾಲ್ಕೈದು ಸುತ್ತು ಸಡಿಲಿಸಿ, ಅದರ ತಲೆಯ ಮೇಲೆ ಸ್ಕ್ರೂಡ್ರೈವರ್ ಇಟ್ಟು ಮೆಲ್ಲಗೆ ತಟ್ಟಿದರೆ ಬೆಣೆ ಬಿಡುತ್ತದೆ. ಎರಡು ತಿರುಪುಗಳಿದ್ದರೆ ಒಂದಾದ ಮೇಲೊಂದರಂತೆ ತಟ್ಟಬೇಕು.

2. ಬಾಕ್ಸ್ ಒಳಗಿನ ಮರಳು, ಉಪ್ಪನ್ನು ಸಿಹಿನೀರು ಮತ್ತು ಬ್ರಷ್‌ನಿಂದ ತೆಗೆದು ಒಣಗಿಸಬೇಕು. ಒಂದು ಮರಳಿನ ಕಾಳು ಸಿಕ್ಕಿಕೊಂಡರೂ ಫಿನ್ ವಾಲಿ ಕೂರುತ್ತದೆ ಇಲ್ಲವೇ ಕಚ್ಚಿಕೊಳ್ಳುತ್ತದೆ.

3. ಹೊಸ ಫಿನ್ ಅನ್ನು ತಿರುಪಿಲ್ಲದೆ ಕೈಯಿಂದ ಒತ್ತಿ ನೋಡಬೇಕು. ತಯಾರಕರಿಂದ ತಯಾರಕರಿಗೆ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಬುಡಕ್ಕೆ ಪೆನ್ಸಿಲ್ ಪುಡಿ ಸವರಿ ಒಳಗಿಟ್ಟು ತೆಗೆದರೆ ಎಲ್ಲೆಲ್ಲಿ ತಾಗುತ್ತಿದೆ ಎಂಬುದು ಕಾಣುತ್ತದೆ.

4. ಬಿಗಿಯಾಗಿರುವ ಕಡೆ ಮರದ ತುಂಡಿಗೆ ಸುತ್ತಿದ ಸ್ಯಾಂಡ್‌ಪೇಪರಿನಿಂದ ಫಿನ್‌ನ ಬುಡವನ್ನು ಸ್ವಲ್ಪ ಸ್ವಲ್ಪವೇ ಉಜ್ಜಿ, ಪ್ರತಿ ಸಲವೂ ಇಟ್ಟು ನೋಡಬೇಕು. ಬಾಕ್ಸ್‌ನ ಒಳಗೋಡೆಯನ್ನು ಎಂದಿಗೂ ಉಜ್ಜಬಾರದು. ಸಡಿಲವಿದ್ದರೆ ಬುಡಕ್ಕೆ ಎಪಾಕ್ಸಿಯ ತೆಳುಪದರ ಕೊಟ್ಟು, ಪೂರ್ಣ ಗಟ್ಟಿಯಾದ ಮೇಲೆ ಉಜ್ಜಿ ಸರಿಹೊಂದಿಸಬೇಕು. ತಾತ್ಕಾಲಿಕವಾಗಿ ಟೇಪ್ ಸುತ್ತುವುದುಂಟು.

5. ಟಟ್ಟಲ್ ಮಾದರಿಯಲ್ಲಿ ಫಿನ್ ಪೂರ್ಣ ಕೂತಾಗಲೂ ಬುಡದ ನೆತ್ತಿ ಬಾಕ್ಸ್‌ನ ಸೂರಿಗೆ ತಾಗಬಾರದು. ನಡುವೆ ಕಿಂಚಿತ್ ಅಂತರ ಉಳಿಯಬೇಕು. ನೆತ್ತಿ ಮೊದಲು ತಾಗಿದರೆ ಓರೆ ಮುಖಗಳು ಬಿಗಿಯಾಗುವುದಿಲ್ಲ.

6. ತಿರುಪಿನ ಉದ್ದ ಸರಿಯಿರಬೇಕು. ಗಿಡ್ಡ ತಿರುಪು ಕೆಲವೇ ಎಳೆ ಹಿಡಿದು ಕಿತ್ತುಬರಬಹುದು. ಉದ್ದ ತಿರುಪು ಫಿನ್ ಒಳಗಿನ ರಂಧ್ರದ ಕೊನೆ ಮುಟ್ಟಿ ನಿಲ್ಲುತ್ತದೆ. ಕೈಗೆ ಬಿಗಿಯಾದಂತೆ ತೋರಿದರೂ ಫಿನ್ ಸಡಿಲವಾಗಿಯೇ ಇರುತ್ತದೆ. ತುಕ್ಕು ಹಿಡಿಯದ ಉಕ್ಕಿನ ತಿರುಪು, ವಾಷರ್ ಬಳಸಿ ಎಳೆಗೆ ಸ್ವಲ್ಪ ಗ್ರೀಸ್ ಸವರುವುದು ಒಳಿತು.

7. ಎರಡು ತಿರುಪುಗಳನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪ ಬಿಗಿಯಬೇಕು. ಕೈಬಲಕ್ಕೆ ಗಟ್ಟಿಯಾದರೆ ಸಾಕು. ಅತಿಯಾದ ಬಿಗಿತ ಹಲಗೆಯ ಮೇಲ್ಪದರವನ್ನೇ ಬಿರಿಸುತ್ತದೆ.

ಜೋಡಿಸಿದ ನಂತರ ಹಲಗೆಯನ್ನು ಮಗುಚಿ, ಫಿನ್ ತಳಕ್ಕೆ ಲಂಬವಾಗಿದೆಯೇ ಎಂದು ಮೂಲೆಮಟ್ಟದಿಂದ ಪರೀಕ್ಷಿಸಬೇಕು. ಹಿಂತುದಿಯಿಂದ ಒಂದು ಕಣ್ಣು ಮುಚ್ಚಿ ನೋಡಿದಾಗ ಅದು ಹಲಗೆಯ ನಡುಗೆರೆಯ ನೇರಕ್ಕೆ ಇರಬೇಕು. ಫಿನ್ ಹಿಡಿದು ಅಲುಗಿಸಿದಾಗ ಟಕ್ ಎಂಬ ಸದ್ದು ಕೇಳಿಬಂದರೆ ಮತ್ತೆ ಮೂರನೆಯ ಹಂತದಿಂದ ಆರಂಭಿಸಬೇಕು. ಪಕ್ಕದ ಫಿನ್‌ಗಳಿದ್ದಲ್ಲಿ ಅವುಗಳ ಚಪ್ಪಟೆ ಬದಿ ಒಳಮುಖವಾಗಿರಬೇಕು, ಎಡ-ಬಲ ಅದಲುಬದಲಾಗಬಾರದು. ಮೊದಲ ಸುತ್ತು ಮುಗಿಸಿ ದಡಕ್ಕೆ ಬಂದಾಗ ತಿರುಪುಗಳನ್ನು ಇನ್ನೊಮ್ಮೆ ನೋಡುವುದು ಅನುಭವಿಗಳ ರೂಢಿ.

ಗಾತ್ರ ಮತ್ತು ಫಾಯಿಲ್

ದೊಡ್ಡ ಹಾಯಿ ಮತ್ತು ಮಂದ ಗಾಳಿಗೆ ಉದ್ದ ಫಿನ್, ಚಿಕ್ಕ ಹಾಯಿ ಮತ್ತು ಬಿರುಸು ಗಾಳಿಗೆ ಗಿಡ್ಡ ಫಿನ್ ಎಂಬುದು ಸಾಮಾನ್ಯ ನಿಯಮ. ಫಿನ್ ತೀರಾ ಚಿಕ್ಕದಾದರೆ ಅಥವಾ ಅದರ ಅಂಚು ಜಜ್ಜಿಹೋಗಿದ್ದರೆ, ಮೇಲಿನ ಗಾಳಿ ಅಲಗಿನ ಗುಂಟ ನುಗ್ಗಿ ಹಿಡಿತ ಒಮ್ಮೆಲೇ ತಪ್ಪುತ್ತದೆ. ಇದನ್ನು ಸ್ಪಿನ್-ಔಟ್ ಎನ್ನುತ್ತಾರೆ. ತೀರಾ ದೊಡ್ಡದಾದರೆ ಹಲಗೆ ಒಂದು ಬದಿಗೆ ಎದ್ದು ನಿಯಂತ್ರಣ ಕಷ್ಟವಾಗುತ್ತದೆ. ಹಲಗೆಯ ತಯಾರಕರು ಸೂಚಿಸಿದ ಮಿತಿಯೇ ಇಲ್ಲಿ ಪ್ರಮಾಣ. ಫಾಯಿಲ್‌ನ ಕಂಬ ಉದ್ದವಾದ್ದರಿಂದ ಬಾಕ್ಸ್ ಮೇಲೆ ಬೀಳುವ ಸನ್ನೆಬಲ ಫಿನ್‌ನದಕ್ಕಿಂತ ಬಹಳ ಹೆಚ್ಚು. ಬಾಕ್ಸ್ ಹೊಂದುತ್ತದೆಂಬ ಕಾರಣಕ್ಕೆ, ಫಾಯಿಲ್‌ಗೆಂದು ಬಲಪಡಿಸದ ಹಳೆಯ ಹಲಗೆಗೆ ಅದನ್ನು ಜೋಡಿಸಬಾರದು.

ನೀರಿನಲ್ಲಿ ಫಿನ್ ಕಳೆದುಹೋದರೆ

ಎಲ್ಲ ಎಚ್ಚರಿಕೆಯ ನಡುವೆಯೂ ಫಿನ್ ಕಳಚಿದರೆ ಹಲಗೆಯನ್ನು ಬಿಟ್ಟು ಈಜಬಾರದು. ತೇಲುವ ಹಲಗೆಯೇ ಆಗಿನ ಆಸರೆ. ಸೊಂಟದ ಹಾರ್ನೆಸ್ ಅನ್ನು ಬಿಚ್ಚಿ ಹಿಂಬದಿಯ ಕಾಲುಪಟ್ಟಿಗೆ ಕಟ್ಟಿ ನೀರಿನಲ್ಲಿ ಎಳೆಯಬಿಟ್ಟರೆ ಹಿಂತುದಿ ಜಾರುವುದು ಸ್ವಲ್ಪ ಕಡಿಮೆಯಾಗಿ ನಿಧಾನವಾಗಿ ಸಾಗಲು ಸಾಧ್ಯ. ಅದೂ ಆಗದಿದ್ದರೆ ಹಲಗೆಯ ಮೇಲೆ ಕುಳಿತು, ಎರಡೂ ತೋಳುಗಳನ್ನು ತಲೆಯ ಮೇಲಿನಿಂದ ಪಕ್ಕಕ್ಕೆ ನಿಧಾನವಾಗಿ ಬೀಸುತ್ತಾ ನೆರವು ಕೋರಬೇಕು. ಹೊರಡುವ ಮುನ್ನ ದಡದಲ್ಲಿ ಫಿನ್ ಹಿಡಿದು ಒಮ್ಮೆ ಅಲುಗಿಸಿ ನೋಡಲು ಅರ್ಧ ನಿಮಿಷವೂ ಬೇಕಿಲ್ಲ.